ಅಮ್ಮಾಯಿ ಹೊರಗಾದ ಮೂರು ದಿನ

ಎಪ್ಪತ್ತೊಂಬತ್ತನೇ ಇಸವಿ, ದಸರಾ ಕಳೆದ ವಾರ. ನಮ್ಮನೆಯವರು ಶ್ರೀನಿವಾಸಪುರದ ಮಾವಿನಹಣ್ಣಿನ ಹಳೇ ಪೆಟ್ಟಿಗೆಯೊಂದನ್ನು ಹೊತ್ತು ಮನೆಗೆ ಬಂದರು. ಅವರಿಗೆ ಕೋಲಾರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಕೆಲಸ. ಪೆಟ್ಟಿಗೆಯೊಳಗೆ ಬಾಲವಿಲ್ಲದ, ಗುಂಡುಗುಂಡಗಿನ ಎರಡು ಪ್ರಾಣಿಗಳು ಮೂಗು ಕುಣಿಸುತ್ತಾ ಕೂತಿದ್ದವು.

"ಗಿನಿ ಪಿಗ್. ಸೀಮೆ ಹಂದಿ ಅಂತಾರೆ" ಎಂದರು.

ಹಂದಿ ಅನ್ನುವುದು ಕಿವಿಗೆ ಬಿದ್ದದ್ದೇ ನಮ್ಮತ್ತೆ ಬಚ್ಚಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದವರು ರಾತ್ರಿ ಊಟಕ್ಕೂ ಒಳಗೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯ ಮುಂದೆ ಕೂತು ಕೊತ್ತಂಬರಿ ಕಡ್ಡಿ ತಿನ್ನಿಸುತ್ತಿದ್ದರು. ಅತ್ತೆಯ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮುದ್ದು ಬಂದರೆ ಅವರ ಬಾಯಲ್ಲಿ ತೆಲುಗೇ ಬರುತ್ತಿತ್ತು. ಕಂದು ಬಣ್ಣದ ಹೆಣ್ಣಿಗೆ ಅಮ್ಮಾಯಿ, ಅಂದರೆ ಹುಡುಗಿ, ಅಂತ ಹೆಸರಿಟ್ಟರು. ಸದಾ ಮೀಸೆ ಕುಣಿಸಿಕೊಂಡು ಓಡಾಡುವ ಗಂಡು ಅವರ ಬಾಯಲ್ಲಿ ಅಲ್ಲುಡು ಆಯಿತು, ಅಂದರೆ ಅಳಿಯ.

ಪ್ರಾಣಿಗಳು ಮನೆಗೆ ಬಂದದ್ದಕ್ಕೆ ಒಂದು ಕಾರಣವಿತ್ತು. ಕಾಲೇಜಿನ ಕೋಣೆಯ ತೇವಕ್ಕೆ ಉಳಿದವೆಲ್ಲ ಸತ್ತು ಇದೊಂದೇ ಜೊತೆ ಉಳಿದಿತ್ತು. ಅಲ್ಲಿ ಪಾಠ ಹೇಳುವ ವೆಂಕಟರಾಯಪ್ಪ ಮೇಷ್ಟ್ರು ನಮ್ಮನೆಯವರಿಗೆ ಹೇಳಿದ್ದರಂತೆ, "ಮನೇಲಿಟ್ಟು ನೋಡು. ಮಾರ್ಚಿ ಪ್ರಾಕ್ಟಿಕಲ್ ಹೊತ್ತಿಗೆ ಮರಿ ಆದ್ರೆ ಸರಿ, ಇಲ್ದಿದ್ರೆ ಇವೆರಡನ್ನೇ ಟೇಬಲ್ ಮೇಲೆ ಹಾಕಿ ಕೊಯ್ಯೋದು. ಮರಿ ಹಾಕದ ಜೊತೆಗೆ ಸೊಪ್ಪು ಹಾಕಿ ಏನು ಬಂತು?"

ಆ ಕೊನೆಯ ಮಾತು ನನಗೆ ಚುಚ್ಚಿತು. ನಮ್ಮ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದಕ್ಕೇ ಇರಬೇಕು, ಅಮ್ಮಾಯಿ ಮರಿ ಹಾಕಲೇಬೇಕು ಅಂತ ನನಗೆ ಹಟ ಹಿಡಿಯಿತು.

ನಾನು ಬಾಲವಾಡಿಯಲ್ಲಿ ಟೀಚರ್. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಬರುತ್ತಿದ್ದೆ. ಅಷ್ಟು ಹೊತ್ತು ಅವು ಅತ್ತೆಯ ಸುಪರ್ದಿಗೆ. ಸಂಜೆ ಇಬ್ಬರೂ ಕೂತು ತಮಾಷೆ ನೋಡುತ್ತಿದ್ದೆವು. ಅಲ್ಲುಡು ಸೊಂಟ ಬಳುಕಿಸುತ್ತಾ ಗುರ್‌ರ್ ಅಂತ ಸಣ್ಣಗೆ ಸದ್ದು ಮಾಡುತ್ತಾ ಅಮ್ಮಾಯಿಯ ಸುತ್ತ ಪ್ರದಕ್ಷಿಣೆ ಹಾಕುವುದು, ಅಮ್ಮಾಯಿ ಹಲ್ಲು ಕಟಕಟಿಸುವುದು. ಅಷ್ಟಕ್ಕೂ ಬಿಡದಿದ್ದರೆ ಬೆನ್ನು ತಿರುಗಿಸಿ ಅವನ ಮುಖಕ್ಕೇ ಉಚ್ಚೆ ಚಿಮ್ಮಿಸುವುದು. ಅತ್ತೆಗೆ ಆಗ ಎಲ್ಲಿಲ್ಲದ ಖುಷಿ. "ಹಂಗೇ ಮಾಡಮ್ಮಾಯಿ. ಇನ್ನೊಂದ್ಸಲ ಬರ್ಲಿ, ಬಿಡ್ಬೇಡ" ಅನ್ನುವರು. ನಾನು ನಗುತ್ತಿದ್ದೆ, ಆದರೆ ಹೀಗಾದರೆ ಮರಿ ಆಗುವುದು ಹೇಗೆ ಅಂತ ಒಳಗೊಳಗೇ ದಿಗಿಲು.

ಆಗಾಗ ಅಮ್ಮಾಯಿ ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಹಿತ್ತಲ ಗೋಡೆಯ ಪಕ್ಕ ಒಂದು ಬಿದಿರಿನ ಮಂಕರಿಯಲ್ಲಿ ಒಬ್ಬಳೇ ಕೂತಿರುತ್ತಿದ್ದಳು, ಮುಂದೆ ರಾಶಿ ಸೊಪ್ಪು. ರಾತ್ರಿಯೂ ಆ ಮಂಕರಿ ಅತ್ತೆಯ ತಲೆದಿಂಬಿನ ಹತ್ತಿರವೇ. ಕೇಳಿದರೆ "ಇರ್ಲಿ ಬಿಡೇ, ಒಂಚೂರು ಬಿಸಿಲು ಕಾಯ್ಲಿ" ಅನ್ನುವರು. ಮುದುಕಿಯ ಮುದ್ದು ಅಂದುಕೊಂಡು ನಾನು ಸುಮ್ಮನಾದೆ.

ಸಂಕ್ರಾಂತಿಗೆ ಮನೆ ಸಾರಿಸುವಾಗ ಹಿತ್ತಲ ಗೋಡೆಯ ಮೇಲೆ ಇದ್ದಿಲಿನ ಗೀಟುಗಳು ಕಂಡವು. ಮೂರು ಗೀಟು, ಒಂದಿಷ್ಟು ಜಾಗ ಬಿಟ್ಟು ಮತ್ತೆ ಮೂರು, ಮತ್ತೆ ಮೂರು. ಓದುಬರಹ ಬಾರದ ಅತ್ತೆಯ ಬರವಣಿಗೆ ಅದು. ಮೂರು ಅಂದ ಮೇಲೆ ಇನ್ನೇನು? ನನ್ನ ಮೈ ಉರಿದು ಹೋಯಿತು. ನಾನು ತಿಂಗಳು ತಿಂಗಳು ಹೊರಗಾದಾಗ ಅತ್ತೆ ನನ್ನನ್ನು ಒಂದು ಚೊಂಬೂ ಮುಟ್ಟಿಸದೆ ಹಿತ್ತಲ ಚಾಪೆಯ ಮೇಲೆ ಕೂರಿಸುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಈಗ ಬಸುರಿಯಾಗಲಿಲ್ಲ ಅಂತ ಗೋಡೆಯ ಮೇಲೆ ಲೆಕ್ಕ ಬೇರೆ ಬರೆಯುವುದೇ?

ಸಾರಿಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಕೇಳಿಯೇಬಿಟ್ಟೆ. "ಅತ್ತೆ, ನಾನು ಹೊರಗಾಗೋದನ್ನ ಗೋಡೆ ಮೇಲೆ ಬರೀತಿದ್ದೀರಾ? ಯಾರಿಗೆ ತೋರ್ಸೋಕೆ?"

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಬಿಟ್ಟು ನನ್ನನ್ನೂ ಗೋಡೆಯನ್ನೂ ನೋಡಿದರು.

"ನಿಂದಲ್ಲ ಕಣೇ, ಅಮ್ಮಾಯಿದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಹದ್ನೈದು ಹದಿನಾರು ದಿನಕ್ಕೊಂದ್ಸಲ ಹೊರಗಾಗ್ತಾಳೆ. ಅಲ್ಲಿ ಒದ್ದೆಯಾಗಿ ಊದ್ಕೊಂಡಿರುತ್ತೆ, ನಾನು ನೋಡಿದ್ದೀನಿ. ಪಾಪ, ಅವತ್ತು ಅವನು ಬಂದ್ರೆ ಉಚ್ಚೆ ಹಾರಿಸಲ್ಲ, ಹಲ್ಲೂ ಕಡಿಯಲ್ಲ, ಸುಮ್ನೆ ನಿಂತ್ಬಿಡ್ತಾಳೆ. ತಡೆಯೋಕೂ ಶಕ್ತಿ ಇಲ್ಲ ಅನ್ಕೊಂಡು ಮೂರು ದಿನ ಮಂಕರೀಲಿ ಕೂರಿಸ್ತೀನಿ. ದಿನಕ್ಕೊಂದು ಗೀಟು."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಮ್ಮನೆಯವರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕೂತರು. "ಅಮ್ಮಾ, ಅದು ಹೊರಗಾಗೋದಲ್ಲ, ಬೆದೆ. ಆ ಒಂದು ದಿನ ಬಿಟ್ರೆ ಇನ್ಯಾವತ್ತೂ ಅದು ಅವನನ್ನ ಹತ್ರ ಸೇರ್ಸಲ್ಲ. ನೀನು ಸರಿಯಾಗಿ ಅವತ್ತೇ ಎತ್ತಿಟ್ಟಿದ್ದೀಯಲ್ಲ."

"ಬೆದೆ ನಂಗೊತ್ತಿಲ್ವೇನೋ? ಹಸು ಬೆದೆಗೆ ಬಂದ್ರೆ ಊರೆಲ್ಲ ಕೇಳೋ ಹಂಗೆ ಅರಚ್ಕೊಳ್ಳುತ್ತೆ. ಇದು ಸುಮ್ನಿತ್ತು."

"ಶಕ್ತಿ ಇಲ್ದೆ ಸುಮ್ನಿದ್ದದ್ದಲ್ಲ ಅತ್ತೆ" ಎಂದೆ. ನನ್ನ ಸಿಟ್ಟು ಅಷ್ಟು ಹೊತ್ತಿಗೆ ಎಲ್ಲಿ ಹೋಗಿತ್ತೋ. "ಇಷ್ಟ ಇದ್ದು ಸುಮ್ನಿದ್ದದ್ದು."

ಅತ್ತೆಯ ಕೈ ಅವರೆಕಾಯಿಯ ಮೇಲೇ ನಿಂತಿತು. "ಇಷ್ಟ ಇದ್ದಾ?" ಎಂದರು. ಆ ಮಾತನ್ನು ಅವರು ಮೊದಲ ಸಲ ಕೇಳುತ್ತಿರುವಂತೆ ಇತ್ತು. ನಮ್ಮನೆಯವರು ಎದ್ದು ಸೈಕಲ್ ಒರೆಸುವ ನೆಪದಲ್ಲಿ ಹೊರಗೆ ಹೋದರು.

ಅವರು ಹೋದ ಮೇಲೆ ಅತ್ತೆ ತಲೆಯೆತ್ತದೆ ಹೇಳಿದರು, "ನಿಮ್ಮಾವನ ಕಾಲದಲ್ಲಿ ಆ ಮೂರು ದಿನ ಮೂಲೇಲಿ ಕೂರಿಸ್ತಿದ್ರಲ್ಲ, ನಾನು ಕೂತಿದ್ದು ಅಂದ್ರೆ ಆವಾಗ್ಲೇ ಕಣೇ. ಮಿಕ್ಕ ದಿನವೆಲ್ಲ ನಿಂತೇ ಇದ್ದೆ. ರಾತ್ರೀನೂ ಆ ಮೂರೇ ದಿನ ನಂದು. ಅದಕ್ಕೇ ನಿನ್ನನ್ನೂ ಕೂರಿಸ್ತೀನಿ, ಇದನ್ನೂ ಕೂರಿಸ್ದೆ."

ನಾಲ್ಕು ವರ್ಷ ಆ ಚಾಪೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆನಲ್ಲ, ಅದು ಅವರು ನನಗೆ ಕೊಟ್ಟ ರಜೆಯಾಗಿತ್ತು. ನನಗೆ ನಾಚಿಕೆಯಾಯಿತು. ಅವರ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದೆ.

ಆಮೇಲಿನ ಒಂದು ವಾರ ಅತ್ತೆ ಪೆಟ್ಟಿಗೆಯ ಪಕ್ಕದಿಂದ ಕದಲಲಿಲ್ಲ. ಒಂದು ದಿನ ನಾನು ಬಾಲವಾಡಿಯಿಂದ ಬರುವಷ್ಟರಲ್ಲಿ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಇವತ್ತು ಅವಳೂ ಗುರ್ ಅಂತಿದ್ದಾಳೆ. ಅವನು ಸುತ್ತೋಕೆ ಮುಂಚೆ ಅವಳೇ ಸುತ್ತಿದ್ಲು. ನೀನು ಹೇಳಿದ್ದು ನಿಜ, ಇಷ್ಟಾನೇ."

"ಸರಿ, ನೀವೆಲ್ಲಿಗೆ ಹೊರಟ್ರಿ?"

"ಬೈರಕೂರಿಗೆ, ತಂಗಿ ಮನೆಗೆ. ಇರೋದು ಒಂದೇ ಕೋಣೆ, ಅದರಲ್ಲಿ ನಾನೊಬ್ಬಳು ರಾತ್ರಿಯೆಲ್ಲ ಕೆಮ್ಕೊಂಡು ಮಲಗಿರ್ತೀನಿ. ಇಷ್ಟು ದಿನ ನಂಗೆ ಹೊಳೀಲಿಲ್ಲ ನೋಡು." ಸೆರಗು ಸರಿಮಾಡಿಕೊಂಡರು. "ಈ ಸಲ ಮೂರು ದಿನ ನಾನೇ ಹೊರಗೆ ಇರ್ತೀನಿ."

ನಾನು ನಾಚಿಕೊಂಡು ಏನೋ ಹೇಳುವಷ್ಟರಲ್ಲಿ ಅವರು ಮುಳಬಾಗಿಲು ಬಸ್ಸಿಗೆ ಹೊರಟೇ ಹೋದರು.

ಮಾರ್ಚಿ ಎರಡನೇ ವಾರ ಮೇಷ್ಟ್ರು ಕರೆ ಕಳಿಸಿದರು. ಮರಿ ಇನ್ನೂ ಆಗಿರಲಿಲ್ಲ. ಅತ್ತೆಯೇ ಅಮ್ಮಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮಗನ ಹಿಂದೆ ಕಾಲೇಜಿಗೆ ಹೋದರು, ನಾನು ಅವರ ಹಿಂದೆ. ಮೇಷ್ಟ್ರು ಹೊಟ್ಟೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿ ನೋಡಿದರು.

"ಒದೀತಿದೆ" ಎಂದರು ಮೇಷ್ಟ್ರು. "ಮನೆಗೆ ಕರ್ಕೊಂಡು ಹೋಗಿ. ಒಂದು ವಿಷಯ, ಹೆತ್ತ ದಿನಾನೇ ಇದು ಮತ್ತೆ ಬೆದೆಗೆ ಬರುತ್ತೆ. ಗಂಡನ್ನ ಬೇರೆ ಇಡದಿದ್ರೆ ತಾಯಿ ಸೋತುಹೋಗುತ್ತೆ."

ಯುಗಾದಿ ಕಳೆದು ಒಂದು ವಾರಕ್ಕೆ ಮೂರು ಮರಿಗಳಾದವು. ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲು ಹೊತ್ತುಕೊಂಡೇ ಹುಟ್ಟಿದವು. ಅಲ್ಲುಡು ಆಗಲೇ ಗುರುಗುಟ್ಟಲು ಶುರುಮಾಡಿದ್ದ. ಅತ್ತೆ ಅವನನ್ನು ಎತ್ತಿ ಮಂಕರಿಗೆ ಹಾಕಿ, "ಇವತ್ತು ಅವಳಿಗೆ ಇಷ್ಟ ಇದ್ರೂ ನಾನು ಬಿಡಲ್ಲ. ಬಾಣಂತಿ. ಈಗ ನೀನು ಕೂತ್ಕೋ" ಎಂದು ಗದರಿದರು.

ಅವನ ದಿನಗಳಿಗೂ ಗೀಟು ಹಾಕಲಿ ಅಂತ ನಾನು ಇದ್ದಿಲು ತಂದುಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಮರಿಗಳನ್ನೇ ನೋಡುತ್ತಾ ಕೇಳಿದರು, "ಗಂಗರತ್ನ, ನೀನು ನಮ್ಮ ಹುಡುಗನ ಜೊತೆ ಇಷ್ಟ ಇದ್ದೇ ಇದ್ದೀಯಾ?"

"ಹೂಂ ಅತ್ತೆ" ಎಂದೆ. ನನ್ನ ಕಣ್ಣು ತುಂಬಿ ಬಂತು.

"ಹಂಗಾದ್ರೆ ಸಾಕು ಕಣೇ" ಎಂದರು ಅತ್ತೆ. "ಮಕ್ಕಳಾದ್ರೂ ಆಗ್ಲಿ, ಆಗದಿದ್ರೂ ಹೋಗ್ಲಿ."