ಅಂಗೈ ಮೇಲಿನ ಹಾಲು

ಆ ಬೆಳಿಗ್ಗೆ ಡೈರಿಯಲ್ಲಿ ಹಾಲು ಪರೀಕ್ಷಿಸುವ ಮಿಷನ್ನು ಸತ್ತಿತ್ತು. ಲೈನು ರಿಪೇರಿಯೆಂದು ಕರೆಂಟು ತೆಗೆದಿದ್ದರು, ಬ್ಯಾಟರಿಯೂ ಕೈಕೊಟ್ಟಿತ್ತು. ಕಾರ್ಯದರ್ಶಿ ಶಿವರಾಮು ತಲೆಕೆಡಿಸಿಕೊಳ್ಳಲಿಲ್ಲ. ಮಿಷನ್ನು ಬರುವ ಮೊದಲು ಅವನಪ್ಪ ಮಾಡುತ್ತಿದ್ದ ಹಾಗೆ, ಬಂದವರ ಹಾಲನ್ನು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಉಯ್ಯಿ" ಎನ್ನುತ್ತಿದ್ದ. ಎಲ್ಲರದೂ ಒಂದೇ ದೊಡ್ಡ ಕ್ಯಾನಿಗೆ ಬೀಳುತ್ತಿತ್ತು.

ಕೆಂಪಯ್ಯನ ಹಾಲು ನೀರು ಬೆರೆತು ನೀಲಿ ತಿರುಗಿದ್ದು ಸಾಲಿನ ಕೊನೆಯಲ್ಲಿದ್ದ ನನಗೇ ಕಾಣುತ್ತಿತ್ತು.

"ಏನ್ಲಾ ಕೆಂಪಯ್ಯ, ಎಮ್ಮೇನ ಒಳೇಲಿ ನಿಲ್ಸಿ ಕರೆದ್ಯಾ?" ಎಂದು ನಗುತ್ತಲೇ ಶಿವರಾಮು ಉಯ್ಯಿಸಿಕೊಂಡ. ಮುಂದೆ ಬಂದವನು ಕೆಂಪಯ್ಯನ ಅಳಿಯ, ಮದ್ದೂರು ಕಡೆಯ ಚಲುವರಾಜು. ಡೈರಿಗೆ ಕಾಲಿಟ್ಟಿದ್ದೇ ಅವತ್ತು. "ಕೆಂಪಯ್ಯನ ಅಳಿಯ ಅಂದ್ಮೇಲೆ ಇನ್ನೇನು ನೋಡೋದು!" ಅವನದನ್ನು ನೆಕ್ಕಲೂ ಇಲ್ಲ.

ಆಮೇಲೆ ಇಂದ್ರಮ್ಮ. ಊರಾಚೆ ಕಾಲೋನಿಯ ದೊಡ್ಡಸಿದ್ದಯ್ಯನ ಸೊಸೆ, ವರ್ಷಗಳಿಂದ ಎರಡು ಹೊತ್ತೂ ತಪ್ಪದೆ ಹಾಲು ತರುವವಳು. ಅವಳು ತನ್ನ ಕ್ಯಾನಿನಿಂದ ಒಂದು ಸೌಟು ಹಾಲು ಎತ್ತಿದಳು. ಶಿವರಾಮುವಿನ ಕೈ ಹಿಂದಕ್ಕೆ ಹೋಯಿತು. ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

"ನಿಂದು ಪಕ್ಕಕ್ಕೆ ಮಡಗು. ಕರೆಂಟು ಬರ್ಲಿ."

"ಅಷ್ಟೊತ್ಗೆ ವ್ಯಾನು ಓಗಿರ್ತದೆ. ಆಲು ಒಡೆದೋಯ್ತದೆ. ಎಲ್ಲರ್ದೂ ನೆಕ್ದಲ್ಲ, ನಂದೂ ನೆಕ್ಕಣ್ಣ."

"ನಂಬ್ಕೆ ಅನ್ನೋದು ಒಂದಿನಕ್ಕೆ ಬರಕ್ಕಿಲ್ಲ ಕಣಮ್ಮ."

"ಅಳಿಯಂದಿರ್ಗೆ ಒಂದ್ ಗಳಿಗೇಲಿ ಬಂತಲ್ಲ?"

ಯಾರೋ ಕಿಸಕ್ಕೆಂದರು. ನನ್ನ ಮೈ ಉರಿಯಿತು. ಮಿಷನ್ನು ನಡೆಯುವ ದಿನ ಇವಳ ಹಾಲೂ ಅದೇ ಕ್ಯಾನಿಗೆ ಬೀಳುತ್ತದೆ. ಅದೇ ಕ್ಯಾನಿನಿಂದ ಶಿವರಾಮುವಿನ ಮನೆಗೆ ಕಾಫಿಗೆ ಹಾಲು ಹೋಗುತ್ತದೆ. ನಮ್ಮೂರಿಗೆ ಬರುವ ನೀಲಗಾರರು ದೇವರ ಕತೆ ಹಾಡುವಾಗ, ದೇವರು ಜೋಳಿಗೆ ಹಿಡಿದು ಊರಾಚೆಯ ಗುಡಿಸಿಲಲ್ಲೇ ಮೊದಲ ತುತ್ತು ಉಣ್ಣುತ್ತಾನೆ. ಚಿಕ್ಕಂದಿನಿಂದ ಅದನ್ನು ಕೇಳಿ ಕಣ್ಣು ಒರೆಸಿಕೊಂಡು ಬೆಳೆದವನು ನಾನು. ಆ ಹಾಡಿಗೆ ತಾಳ ಹಾಕುವ ಕೈ ಶಿವರಾಮುವಿನದು. ಪಂಚೆಗೆ ಒರೆಸಿಕೊಂಡದ್ದೂ ಅದೇ ಕೈ!

ಮುಂದೆ ಹೋಗಿ ಅಂಗೈ ಚಾಚಿದೆ. "ತಾರಮ್ಮ, ನಾ ನೋಡ್ತೀನಿ."

ಶಿವರಾಮುವಿಗೆ ಜೀವ ಬಂತು. "ಆಯ್ತು ಬುಡಿ, ಸ್ವಾಮಣ್ಣನ ಮಾತಿನ ಮ್ಯಾಲೆ ಉಯ್ಸ್ಕೋತೀನಿ."

"ಬ್ಯಾಡಿ ಸ್ವಾಮಣ್ಣ," ಎಂದಳು ಇಂದ್ರಮ್ಮ. "ನಿಮ್ ಮಾತು ನಿಮ್ಗೇ ಇರ್ಲಿ. ನನ್ ಆಲಿಗೆ ಇನ್ನೊಬ್ಬರ ಜಾಮೀನು ಯಾಕೆ?"

ಹಾಗೆಂದವಳೇ ದೊಡ್ಡ ಕ್ಯಾನಿನ ಮುಚ್ಚಳ ಎಳೆದು ಮುಚ್ಚಿ, ಅದರ ಮೇಲೆ ಕೈಯೂರಿ ನಿಂತಳು.

"ಇವ್ರು ನನ್ ಆಲು ನೆಕ್ಕೋಗಂಟ ಯಾರ್ದೂ ಓಗಕ್ಕಿಲ್ಲ."

ವ್ಯಾನು ಬಂದು ಹಾರನ್ ಹೊಡೆಯಿತು. ಸಾಲು ಗೊಣಗತೊಡಗಿತು, ಮೊದಲು ಅವಳ ಮೇಲೆ. ಹಾರನ್ ಮತ್ತೆ ಕೂಗಿದಾಗ ಕೆಂಪಯ್ಯನೇ ರೇಗಿದ: "ನೆಕ್ಲಾ ಅತ್ಲಾಗೆ! ನಿನ್ ನಾಲ್ಗೇಗೆ ನಮ್ಮೆಲ್ಲರ ಆಲು ಒಡೀಬೇಕಾ?"

ಶಿವರಾಮು ಕೈ ಚಾಚಿದ. ಅವಳು ಸೌಟನ್ನು ನಿಧಾನವಾಗಿ ಬಗ್ಗಿಸಿದಳು. ಅವನು ಕಣ್ಣು ಮುಚ್ಚಿ ನೆಕ್ಕಿದ.

"ಎಂಗದೆ?"

"ಸರಿ, ಉಯ್ಯಿ."

"ಸರಿ ಅಲ್ಲ. ಎಂಗದೆ ಯೋಳಣ್ಣ."

"ಗಟ್ಟಿಯಾಗದೆ ಕಣಮ್ಮ," ಎಂದು ಹೇಳಿ, ಸರಸರನೆ ಹೊರಗಿನ ನಲ್ಲಿಗೆ ಹೋದ. ವ್ಯಾನು ಕಾಯುತ್ತಿದ್ದರೂ ಬಾಯಿ ಮುಕ್ಕಳಿಸಿ ಉಗಿದ. ಎಲ್ಲರೂ ನೋಡಿದೆವು.

ಇಂದ್ರಮ್ಮ ಹಾಲು ಸುರಿದು, ತನ್ನ ಖಾಲಿ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ನಲ್ಲಿಯ ಹತ್ತಿರ ನಿಂತಳು.

"ನಾಳೇನೂ ಕರೆಂಟು ಇರಕ್ಕಿಲ್ಲವಂತೆ ಶಿವರಾಮಣ್ಣ," ಎಂದಳು. "ನೀರು ತುಂಬ್ಸಿ ಮಡೀಕೊಂಡಿರು. ಬತ್ತೀನಿ."