ಹಿಂದಕ್ಕೆ ಓಡಿದ ನೀಲಿ

ಮೇಡಂ ಎದೆಯಲ್ಲಿ ಅವತ್ತು ಅವಲಕ್ಕಿ ಕುಟ್ಟುತ್ತಿತ್ತು. ವರ್ಷಗಳಿಂದ ಕಾಲೇಜಿನಲ್ಲಿ ಜೀವಕೋಶದ ಪಾಠ ಮಾಡುತ್ತಿದ್ದರೂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಇವತ್ತಾದ್ರೂ ಆಗುತ್ತೇನಮ್ಮ?" ಎಂದು ಅತ್ತೆ ಬಾಗಿಲ ತನಕ ಬಂದು ಕೇಳಿದ್ದರು. ವಿಭಾಗದ ಮುಖ್ಯಸ್ಥರು ಪ್ರಾಕ್ಟಿಕಲ್ ನೋಡಲು ಬರುವ ದಿನ. ಅವರು ಹೂಂ ಅಂದರೆ ಕಾಯಂ, ಉಹೂಂ ಅಂದರೆ ಮನೆ.

ಅದಕ್ಕೇ ಮಕ್ಕಳಿಗೆ ಮೊದಲೇ ತಾಕೀತು ಮಾಡಿದ್ದರು: "ಸಾರ್ ಇರೋವಷ್ಟು ಹೊತ್ತು ಬಾಯಿಗೆ ಬೀಗ. ಅಧಿಕಪ್ರಸಂಗ ಬೇಡ. ಅದರಲ್ಲೂ ನೀನು, ರೇಡಿಯೋ!"

ರೇಡಿಯೋ ಅಂದರೆ ಮುಂದಿನ ಬೆಂಚಿನ ಹುಡುಗಿ. ಪ್ರಶ್ನೆ ಕೇಳದೆ ಉಸಿರಾಡಿದವಳಲ್ಲ.

ಮುಖ್ಯಸ್ಥರು ಬಂದು ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತರು. ಮಕ್ಕಳು ಸುತ್ತ ನಿಂತರು. ತೊಟ್ಟಿಯ ದ್ರಾವಣದಲ್ಲಿ ಮಲಗಿದ್ದ, ಲೋಳೆ ಬಿಲ್ಲೆಯಂಥ ಜೆಲ್ಲಿನ ಒಂದಂಚಿನ ಗುಳಿಗಳಿಗೆ ಮೇಡಂ ನೀಲಿ ಬಣ್ಣ ಬೆರೆಸಿದ ಡಿಎನ್‌ಎ ಇಳಿಸಿ, ಕರೆಂಟು ಕೊಟ್ಟರು. ಡಿಎನ್‌ಎ ನೆಗೆಟಿವ್ ಚಾರ್ಜಿನದು; ಪಾಸಿಟಿವ್ ಆದ ಕೆಂಪು ತಂತಿಯ ಕಡೆಗೇ ಓಡುವುದು ಅದರ ಹಣೆಬರಹ. ಅಯ್ಯೋ, ಗಡಿಬಿಡಿಯಲ್ಲಿ, ಆಚೆ ತುದಿಯಲ್ಲಿರಬೇಕಾದ ಆ ಕೆಂಪು ತಂತಿಯನ್ನು ಗುಳಿಗಳ ಪಕ್ಕದಲ್ಲೇ ಸಿಕ್ಕಿಸಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ಬೋರ್ಡಿನ ಕಡೆ ತಿರುಗಿ ಪಾಠ ಶುರುಮಾಡಿದರು. ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ. ಇಂಥ ಕ್ಲಾಸಿದ್ದರೆ ಸ್ವರ್ಗಕ್ಕೆ ಮೂರೇ ಗೇಣು ಅಂದುಕೊಂಡರು ಮೇಡಂ.

ಕೊನೆಗೆ ಜೆಲ್ಲನ್ನು ಎತ್ತಿ ನೇರಳೆ ದೀಪದ ಮೇಲಿಟ್ಟರೆ, ಹೊಳೆಯಬೇಕಿದ್ದ ಡಿಎನ್‌ಎ ಗೆರೆಗಳಲ್ಲಿ ಒಂದೂ ಇಲ್ಲ. ಪೂರ್ತಿ ಬೋಳು. ತಂತಿಗಳ ಕಡೆ ನೋಡಿದರು. ಕೆಂಪು ತಂತಿ ಗುಳಿಗಳ ಪಕ್ಕದಲ್ಲೇ ಇತ್ತು.

'ಮೆಷಿನ್ ಸರಿಯಿಲ್ಲ' ಅನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡರು.

"ತಂತಿ ನಾನೇ ಅದಲುಬದಲು ಮಾಡಿದೀನಿ. ಡಿಎನ್‌ಎ ಹಿಂದಕ್ಕೆ ಓಡಿ ನೀರುಪಾಲಾಗಿದೆ. ನೀಲಿ ಹಿಂದೆ ಹೋಗಿದ್ದನ್ನ ಯಾರಾದ್ರೂ ನೋಡಿದ್ರಾ?"

ರೇಡಿಯೋ ಕೈ ಎತ್ತಿದಳು. ಆಮೇಲೆ ಅವಳ ಪಕ್ಕದವನು. ನೋಡನೋಡುತ್ತ ಇಡೀ ಕ್ಲಾಸಿನ ಕೈ ಮೇಲೆ.

"ಮತ್ತೆ ಹೇಳೋಕೆ ಏನಾಗಿತ್ತು ನಿಮಗೆ?"

"ನೀವೇ ಬೀಗ ಅಂದಿದ್ರಲ್ಲ, ಮೇಡಂ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುವಷ್ಟು ನಾಚಿಕೆಯಾಯಿತು. ಪಕ್ಕಕ್ಕೆ ನೋಡಿದರೆ ಮುಖ್ಯಸ್ಥರ ಕೈಯೂ ಮೇಲಿತ್ತು.

"ಶುರುವಲ್ಲೇ ನೋಡಿದ್ದೆ, ಮೇಡಂ. ತಂತಿ ಯಾರ ಕೈಯಲ್ಲಾದ್ರೂ ತಪ್ಪುತ್ತೆ, ನನ್ನ ಕೈಯಲ್ಲೂ ತಪ್ಪಿದೆ. ಮಕ್ಕಳಲ್ಲಿ ಒಬ್ಬರಾದ್ರೂ ನಿಮ್ಮನ್ನ ತಡೀತಾರಾ ಅಂತ ಕಾದೆ." ಎದ್ದು ನಿಂತರು. "ಮುಂದಿನ ವಾರ ಮತ್ತೆ ಬರ್ತೀನಿ. ಕಾಯಂ ಮಾತು ಅವತ್ತು."

"ಸಾರ್, ನೋಡಿದ ಮೇಲೆ ನೀವ್ಯಾಕೆ ಹೇಳಲಿಲ್ಲ?" ಎಂದಳು ರೇಡಿಯೋ.

ಮುಖ್ಯಸ್ಥರು ತಬ್ಬಿಬ್ಬಾಗಿ ಮೇಡಂ ಮುಖ ನೋಡಿದರು. ಮೇಡಂ ಅವಳನ್ನು ಸುಮ್ಮನಿರಿಸಲಿಲ್ಲ.