ಲುಂಗಿ ಉಟ್ಟ ಕಡಲ್ಗಳ್ಳ

ಮಚ್ಚೇಂದ್ರ ದಿನಾ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ, ಮೊಹಿನುದ್ದೀನರ ಆಟಿಕೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹಿಂದೆ ಅವನು ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಆಫ್ರಿಕಾದ ತೀರದ ಹತ್ತಿರ ಕಡಲ್ಗಳ್ಳರು ಆ ಹಡಗನ್ನು ಹಿಡಿದು, ಎಲ್ಲರನ್ನೂ ತಿಂಗಳುಗಟ್ಟಲೆ ಒತ್ತೆಯಾಳಾಗಿ ಇಟ್ಟುಕೊಂಡಿದ್ದರು. ಬಿಡುಗಡೆಯಾಗಿ ಬಂದಾಗ ಊರಿನವರು ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಸಮುದ್ರವನ್ನೇ ಕಾಣದ ಜನಕ್ಕೆ ಎಲ್ಲಿಂದ ಶುರು ಮಾಡಿ ಹೇಳಬೇಕೆಂದು ಅವನಿಗೂ ತಿಳಿಯಲಿಲ್ಲ. ಹೆಂಡತಿ ದ್ರೌಪತಿಗೂ ಹೇಳಿರಲಿಲ್ಲ.

ಒಂದು ದಿನ ಅಂಗಡಿಗೆ ಹೊಸ ಮಾಲು ಬಂತು. ಡಬ್ಬಿ ಬಿಚ್ಚಿದರೆ ಬೆರಳುದ್ದದ ಕಡಲ್ಗಳ್ಳರು. ಕಣ್ಣಿಗೆ ಕರಿ ಪಟ್ಟಿ, ಕೆಲವರಿಗೆ ಕೈಯಿದ್ದಲ್ಲಿ ಕೊಕ್ಕೆ, ಮರದ ಕಾಲು; ಎಲ್ಲರಿಗೂ ಬುರುಡೆ ಚಿತ್ರದ ಟೊಪ್ಪಿಗೆ, ಹೆಗಲ ಮೇಲೆ ಗಿಳಿ.

“ಮಾಲಕ್ರ, ಅವ್ರು ಹಿಂಗ ಇರಂಗಿಲ್ರಿ,” ಎಂದ ಮಚ್ಚೇಂದ್ರ.

“ಯಾರು?”

“ಸಮುದ್ರದ ಡಾಕುಗೋಳು. ಲುಂಗಿ ಉಟ್ಟಿರ್ತಾರ. ಕಾಲಾಗ ಹರಕ ಚಪ್ಪಲಿ. ಭಾಳ ಸಣಕಲ ಇರ್ತಾರ್ರಿ.”

“ಇವು ಹಳೇ ಜಮಾನಾದವು ಭಾಯಿ.”

“ಹಳಬರಿಗರೆ ಒಂದ ಕೈಲೆ ಹಡಗಿನ ಹಗ್ಗ ಹತ್ತಾಕ ಬರ್ತಿತ್ತೇನ್ರಿ?”

ಮೊಹಿನುದ್ದೀನ್ ನಕ್ಕರು. ಅದು ಕೆಟ್ಟ ನಗೆಯೇನಲ್ಲ. “ಲುಂಗಿ ಉಟ್ಟ ಡಾಕೂನ್ನ ಯಾವ ಪೋರ ತಗೋತದ? ಕಪಾಟಿನ್ಯಾಗ ಹೊಂದಸು.”

ಮಚ್ಚೇಂದ್ರ ಹೊಂದಿಸಿದ. ಸಂಜೆ ಒಂದು ಡಬ್ಬಿ ತಾನೇ ಕೊಂಡು ಮನೆಗೆ ತಂದ.

ರವಿವಾರ ಮುಂಜಾನೆ ಬಾಗಿಲಲ್ಲಿ ಕುಳಿತು ಕೈಕಾಲು ಸರಿಯಿದ್ದ ಒಂದು ಗೊಂಬೆಯ ಟೊಪ್ಪಿಗೆ, ಕಣ್ಣಪಟ್ಟಿಗಳನ್ನು ಬ್ಲೇಡಿನಿಂದ ಹೆರೆದ. ಗಿಳಿಯನ್ನು ಮುರಿದ. ಹಳೆಯ ಬಟ್ಟೆಯ ಚೂರೊಂದನ್ನು ಸೊಂಟಕ್ಕೆ ಸುತ್ತಿದ. ಹಡಗಿನಲ್ಲಿ ತನಗೆ ಕಾವಲಿದ್ದ ಕಡಲ್ಗಳ್ಳ ಸದಾ ಎಂಥದೋ ಸೊಪ್ಪು ಅಗಿಯುತ್ತಿದ್ದುದು ನೆನಪಾಗಿ, ಚಿಟಿಕೆ ಹಿಟ್ಟು ನಾದಿ ಅಂಟಿಸಿ ಗೊಂಬೆಯ ಕೆನ್ನೆ ಉಬ್ಬಿಸಿದ. ಅಷ್ಟರಲ್ಲಿ ಅವನೇ ಬಂದು ಎದುರು ಕುಳಿತಂತಾಗಿ ಮಚ್ಚೇಂದ್ರ ಬ್ಲೇಡನ್ನು ಕೆಳಗಿಟ್ಟ.

ದ್ರೌಪತಿ ಹೊರಗೆ ಬಂದಳು. ಡಬ್ಬಿಯಲ್ಲಿದ್ದ ಕೊಕ್ಕೆ ಕೈಯವನನ್ನು ಎತ್ತಿದವಳು ಹಾಗೇ ನಿಂತುಬಿಟ್ಟಳು.

“ಇಂವನ ರಿ.”

“ಯಾರು?”

“ನೀವು ಅಲ್ಲಿ ಸಿಕ್ಕಬಿದ್ದಾಗ ದಿನಾ ನನ್ನ ಕಣ್ಣ ಮುಂದ ಬರ್ತಿದ್ದಂವ. ಮಗಳ ಪುಸ್ತಕದಾಗ ಇವನ ಚಿತ್ರ ನೋಡಿದ್ದೆ. ಈ ಕೊಕ್ಕಿ ನಿಮ್ಮ ಕುತ್ತಿಗಿಗೆ ಹಾಕಿ ಎಳದಂಗ ಕಾಣ್ತಿತ್ತು.”

ಅವಳೂ ಇಷ್ಟು ವರ್ಷ ಇದನ್ನು ಯಾರ ಮುಂದೂ ಆಡಿರಲಿಲ್ಲ.

“ಅಂಥಾಂವ ಅಲ್ಲಿ ಯಾರೂ ಇರಲಿಲ್ಲ,” ಎಂದು ಮಚ್ಚೇಂದ್ರ ತನ್ನ ಗೊಂಬೆಯನ್ನು ಮುಂದೆ ಹಿಡಿದ. “ಇಂವ ಇದ್ದ.”

ದ್ರೌಪತಿ ತಿರುಗಿಸಿ ತಿರುಗಿಸಿ ನೋಡಿದಳು. “ಇಂವ ನಮ್ಮ ಮುಡಬಿ ಕಡೆ ಕೂಲಿಯವನಂಗ ಕಾಣ್ತಾನಲ್ರಿ. ಬಡಿತಿದ್ದನೇನು?”

“ಬಂದೂಕಿನ ಹಿಡಿಲೆ ಬಡದ. ಅವತ್ತ ಸಂಜಿಕ ತನ್ನ ಚಾದಾಗ ಅರ್ಧಾ ಕೊಟ್ಟ.”

“ಹಂಗಾದ್ರ ನಾ ಅವನಿಗೆ ಶಾಪ ಹಾಕ್ಲ್ಯೋ, ಬ್ಯಾಡೋ?”

ಅವಳು ಪಕ್ಕದಲ್ಲಿ ಕುಳಿತಳು. “ಮೊದಲಿನಿಂದ ಹೇಳ್ರಿ.”

“ನಾ ಹಡಗಿನ ಅಡಗಿ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ...” ಎಂದ. ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಅವಳು ದಡಬಡಿಸಿ ಎದ್ದು ಓಡಿದಳು.

“ಹೇಳ್ರಿ, ಕೇಳಾಕತ್ತೇನಿ,” ಎಂದಳು ಒಲೆಯ ಮುಂದಿನಿಂದ.

ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ ಹೇಳುವ ಮಾತಾಗಿರಲಿಲ್ಲ ಅದು. ಮಚ್ಚೇಂದ್ರ ಗೊಂಬೆಯ ಲುಂಗಿಯನ್ನು ಬಿಗಿ ಮಾಡುತ್ತ ಕುಳಿತ.